ಶಿರಸಿಗೂ ಆ ಮಾಟಗಾತಿಗೂ ಸಂಬಂಧವಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಈಗಿನ ಹುಡುಗರು ಏನು ಓದುತ್ತಾರೆ ಅಂತ ಒಂದು ಬರಹ ಹಾಕಿದ್ದಿರಿ. ಚೆನ್ನಾಗಿತ್ತು. ಆದರೆ ನಡುವೆ ಒಂದು ಸಾಲು ಬಂತು ನೋಡಿ, ಇಲಿಯಡ್ ಕಾವ್ಯದ ಮಾಟಗಾತಿ ಸಿರ್ಸಿಯ ಬಗ್ಗೆ ಬಂದ ಕಾದಂಬರಿಯನ್ನು ಎಲ್ಲರೂ ಓದುತ್ತಿದ್ದಾರೆ ಅಂತ. ನಾನು ಇರುವುದು ಶಿರಸಿಯಲ್ಲಿ. ಇಲ್ಲಿ ನನ್ನದೊಂದು ಔಷಧ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಪೇಪರ್ ಓದಲು ನಾಲ್ಕು ಜನ ಬಂದು ಕೂರುತ್ತಾರೆ, ಮಾತ್ರೆ ತೆಗೆದುಕೊಳ್ಳುವುದು ಅಪರೂಪ. ಅವರಲ್ಲೊಬ್ಬರು ಆ ಸಾಲನ್ನು ಜೋರಾಗಿ ಓದಿದರು. ಆಮೇಲೆ ಕೇಳಬೇಕೇ. ಯಾರು ಮಾರಾಯಾ ಈ ಸಿರ್ಸಿ ಮಾಟಗಾತಿ, ದೇವಿಕೆರೆ ಕಡೆಯವಳೋ ಯಲ್ಲಾಪುರ ನಾಕೆ ಕಡೆಯವಳೋ ಅಂತ ಮಧ್ಯಾಹ್ನದವರೆಗೂ ಅದೇ ಮಾತು.

ನನಗೂ ನಗು ಬಂತು. ಆದರೆ ಸ್ವಲ್ಪ ಬೇಜಾರೂ ಆಯಿತು, ಯಾಕೆಂದರೆ ಆ ಪುಸ್ತಕವನ್ನು ನಾನು ಮುಗಿಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಹಾಗಾಗಿ ಈ ಪತ್ರ. ಉದ್ದ ಆದರೆ ಕತ್ತರಿ ಹಾಕಿ, ಪರವಾಗಿಲ್ಲ. ಹೆಸರಿನ ವಿಷಯ ಮಾತ್ರ ಉಳಿಸಿ.

ಮೊದಲಿಗೆ ಒಂದು ತಿದ್ದುಪಡಿ. ಅವಳು ಇಲಿಯಡ್‌ನವಳಲ್ಲ. ಅಲ್ಲಿ ಟ್ರಾಯ್ ಯುದ್ಧ ಬಿಟ್ಟರೆ ಬೇರೆ ಗೊಡವೆಯೇ ಇಲ್ಲ. ಅವಳು ಬರುವುದು ಗ್ರೀಕ್ ಕವಿ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ. (ಆ ಹೆಸರನ್ನೂ ನಮ್ಮ ಪತ್ರಿಕೆಗಳು ಒಡಿಶಾದ ನೃತ್ಯದ ಹೆಸರಿನ ಹಾಗೆಯೇ ಬರೆಯುತ್ತವೆ, ಅದು ಬೇರೆ ಕಥೆ.) ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಯೂಸ್ ಹತ್ತು ವರ್ಷ ಸಮುದ್ರದಲ್ಲಿ ಅಲೆಯುತ್ತಾನಲ್ಲ, ಆಗ ಅಯಾಯಾ ಅನ್ನುವ ದ್ವೀಪದಲ್ಲಿ ಇವಳು ಸಿಗುತ್ತಾಳೆ. ಹತ್ತನೆಯ ಭಾಗದಲ್ಲಿ. ಗ್ರೀಕ್ ಅಕ್ಷರ ಒಟ್ಟು 24, ಒಡಿಸ್ಸಿಯ ಭಾಗಗಳೂ 24, ಹಾಗಾಗಿ ಒಂದೊಂದು ಭಾಗಕ್ಕೂ ಒಂದೊಂದು ಅಕ್ಷರವನ್ನೇ ಗುರುತಾಗಿ ಇಟ್ಟಿದ್ದಾರೆ. ಹತ್ತನೆಯ ಅಕ್ಷರ ಕಪ್ಪಾ. ಅಂದರೆ ನಮ್ಮ 'ಕ'. ಅವಳ ಹೆಸರು ಶುರುವಾಗುವುದೂ ಅದೇ ಅಕ್ಷರದಿಂದ. ಅವಳು ಸಿರ್ಸಿಯೂ ಅಲ್ಲ, ಇಂಗ್ಲಿಷಿನವರು ಹೇಳುವ ಸರ್ಸಿಯೂ ಅಲ್ಲ. ಕಿರ್ಕೆ.

ಪುಸ್ತಕ ನನ್ನ ಕೈಗೆ ಬಂದದ್ದು ಮಗಳಿಂದ. ಬೆಂಗಳೂರಲ್ಲಿ ಓದುತ್ತಾಳೆ, ದೀಪಾವಳಿಗೆ ಬಂದವಳು ಬಿಟ್ಟುಹೋದಳು. ಬರೆದವರು ಮೆಡೆಲೀನ್ ಮಿಲ್ಲರ್, ಅಮೆರಿಕದವರು. ಕಾದಂಬರಿ ಬಂದದ್ದು 2018ರಲ್ಲಿ, ಹೆಸರು ಆ ಮಾಟಗಾತಿಯದೇ. ಲೇಖಕಿ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಓದಿಕೊಂಡವರು, ಶಾಲೆಯಲ್ಲಿ ಅದನ್ನೇ ಪಾಠ ಮಾಡಿದವರು. ಅವರ ಮೊದಲ ಕಾದಂಬರಿಗೆ ಹತ್ತು ವರ್ಷ ಹಿಡಿಯಿತಂತೆ. ನನಗೆ ಇದನ್ನು ಓದುವುದಕ್ಕೇ ಐದು ವಾರ ಹಿಡಿಯಿತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಇಂಗ್ಲಿಷ್ ಕಾದಂಬರಿ ಅಂದರೆ ಈಗಲೂ ಮೊಬೈಲಿನ ನಿಘಂಟು ಪಕ್ಕದಲ್ಲಿ ಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿಗೆ ಯಾರೂ ಬರುವುದಿಲ್ಲ, ಆ ಹೊತ್ತಲ್ಲಿ ಕೌಂಟರ್ ಮೇಲೆ ಪುಸ್ತಕ ಇಟ್ಟುಕೊಂಡು ಒಂದೊಂದೇ ಪುಟ ದಾಟಿದೆ. ಮಧ್ಯೆ ಯಾರಾದರೂ ಕೆಮ್ಮಿನ ಸಿರಪ್ ಕೇಳಿದರೆ ಆ ಪುಟ ಮತ್ತೆ ಮೊದಲಿಂದ.

ಹೋಮರನಲ್ಲಿ ಇವಳ ಕಥೆ ಚಿಕ್ಕದು. ಒಡಿಸ್ಯೂಸನ ಜನ ಕಾಡಿನ ನಡುವೆ ಒಂದು ಕಲ್ಲಿನ ಮನೆ ಕಾಣುತ್ತಾರೆ. ಅಂಗಳದಲ್ಲಿ ತೋಳ, ಸಿಂಹ ನಾಯಿಯ ಹಾಗೆ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿರುತ್ತವೆ. ಒಳಗೆ ಒಬ್ಬಳು ಮಗ್ಗದ ಮುಂದೆ ಹಾಡುತ್ತಾ ನೇಯುತ್ತಿರುತ್ತಾಳೆ. ಕರೆದು ಕೂರಿಸಿ ಗಿಣ್ಣು, ಜವೆಹಿಟ್ಟು, ಜೇನುತುಪ್ಪ, ವೈನ್ ಕಲಸಿ ಕೊಡುತ್ತಾಳೆ, ಅದರಲ್ಲಿ ಮದ್ದು ಬೆರೆಸಿರುತ್ತಾಳೆ. ಕುಡಿದವರೆಲ್ಲ ಹಂದಿ. ಮೈ ಮಾತ್ರ ಹಂದಿಯದು, ಬುದ್ಧಿ ಮನುಷ್ಯರದೇ ಉಳಿಯುತ್ತದೆ ಅನ್ನುವುದು ಅಲ್ಲಿನ ಕರುಳು ಹಿಂಡುವ ಮಾತು. ಆಮೇಲೆ ಒಡಿಸ್ಯೂಸ್ ಬರುತ್ತಾನೆ, ಕತ್ತಿ ತೆಗೆಯುತ್ತಾನೆ, ಅವಳು ಸೋಲುತ್ತಾಳೆ, ಹಂದಿಗಳು ಮತ್ತೆ ಮನುಷ್ಯರಾಗುತ್ತಾರೆ. ಅವನು ಅಲ್ಲೇ ಒಂದು ವರ್ಷ ಉಂಡು ಮಲಗಿ ಇರುತ್ತಾನೆ. ಕೊನೆಗೆ ಅವನ ಜೊತೆಯವರೇ ಬಂದು ಊರಿಗೆ ಹೋಗುವುದು ನೆನಪಿದೆಯೇನಪ್ಪಾ ಅಂತ ಕೇಳಬೇಕಾಗುತ್ತದೆ.

ಇಷ್ಟೇ. ಅವಳು ಯಾಕೆ ಅಲ್ಲಿ ಒಂಟಿಯಾಗಿದ್ದಳು, ಮದ್ದಿನ ವಿದ್ಯೆ ಯಾರು ಕಲಿಸಿದರು, ಬಂದವರನ್ನೆಲ್ಲ ಹಂದಿ ಯಾಕೆ ಮಾಡುತ್ತಿದ್ದಳು, ಹೋಮರ್ ಹೇಳುವುದಿಲ್ಲ. ಕಾದಂಬರಿ ಹೇಳುತ್ತದೆ. ಅದೂ ಅವಳ ಬಾಯಿಂದಲೇ. ಬದಿಗೆ ಬಿದ್ದವಳನ್ನು ಎತ್ತಿ ನಡುಮನೆಗೆ ತರುವುದು ಕನ್ನಡದವರಿಗೆ ಹೊಸದಲ್ಲ, ಕುವೆಂಪು ಮಂಥರೆಗೆ ಮಾಡಿದ್ದು ಅದನ್ನೇ ಅಲ್ವಾ.

ಅವಳು ಸೂರ್ಯನ ಮಗಳು. ಸೂರ್ಯನಿಗೆ ಅವರಲ್ಲಿ ಹೇಲಿಯೊಸ್ ಅನ್ನುತ್ತಾರೆ. ನಮ್ಮ ಸೂರ್ಯ, ಅವರ ಹೇಲಿಯೊಸ್ ಎರಡೂ ಒಂದೇ ಬೇರಿನ ಮಾತಂತೆ, ಸಂಸ್ಕೃತದಲ್ಲಿ 'ಸ' ಇದ್ದ ಕಡೆ ಅವರಲ್ಲಿ 'ಹ' ಆಗಿದೆ, ಸಪ್ತ ಹೋಗಿ ಹೆಪ್ತ ಆದ ಹಾಗೆ. ನಮ್ಮ ಸೂರ್ಯನಾದರೂ ಕರ್ಣನ ಕನಸಲ್ಲಿ ಬಂದು, ಇಂದ್ರ ವೇಷ ಹಾಕಿ ಕವಚ ಕೇಳಲು ಬರುತ್ತಾನೆ, ಕೊಡಬೇಡ ಮಗನೇ ಅಂತ ಎಚ್ಚರಿಸುತ್ತಾನೆ. ಈ ಅಪ್ಪನಿಗೆ ಮಗಳು ಅಂದರೆ ತಾತ್ಸಾರ. ಅವಳ ಕಣ್ಣು ಹಳದಿ, ದನಿ ತೆಳು, ದೇವತೆಗಳ ಹಾಗೆ ಗುಡುಗುವುದಿಲ್ಲ, ಮನುಷ್ಯರ ದನಿಯ ಹಾಗಿದೆ ಅಂತ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಹೋಮರ್ ಅವಳನ್ನು ಮನುಷ್ಯರ ಮಾತಾಡುವ ದೇವತೆ ಅಂತ ಅಲ್ಲಲ್ಲಿ ಸುಮ್ನೆ ಕರೆದು ಮುಂದೆ ಹೋಗುತ್ತಾನೆ. ಈ ಲೇಖಕಿ ಆ ಒಂದು ಮಾತನ್ನು ಹಿಡಿದು ಇಡೀ ಹೆಣ್ಣನ್ನೇ ಕಟ್ಟಿದ್ದಾರೆ.

ಶುರುವಿನಲ್ಲಿ ಒಂದು ದೃಶ್ಯ ಬರುತ್ತದೆ. ಮನುಷ್ಯರಿಗೆ ಬೆಂಕಿ ಕೊಟ್ಟ ತಪ್ಪಿಗೆ ಪ್ರೊಮೆಥಿಯಸ್‌ಗೆ ಅವಳ ಅಪ್ಪನ ಅರಮನೆಯಲ್ಲೇ ಚಾಟಿ ಏಟು. ದೇವತೆಗಳೆಲ್ಲ ನಿಂತು ನೋಡುತ್ತಾರೆ, ಬೇಜಾರಾದ ಮೇಲೆ ಊಟಕ್ಕೆ ಹೋಗುತ್ತಾರೆ. ಇವಳೊಬ್ಬಳು ಕತ್ತಲಲ್ಲಿ ಒಂದು ಬಟ್ಟಲು ಅಮೃತ ತಂದು ಅವನಿಗೆ ಕುಡಿಸುತ್ತಾಳೆ. ದೊಡ್ಡ ಮಾತೇನೂ ಇಲ್ಲ, ಒಂದು ಬಟ್ಟಲು ಅಷ್ಟೇ. ಅಲ್ಲಿಂದ ನಾನು ಪುಸ್ತಕ ಬಿಡಲಿಲ್ಲ.

ನನಗೆ ತೀರಾ ಹಿಡಿಸಿದ್ದು ಮದ್ದಿನ ಭಾಗ. ಅಪ್ಪ ಅವಳನ್ನು ದ್ವೀಪಕ್ಕೆ ಗಡಿಪಾರು ಮಾಡುತ್ತಾನೆ. ಅಲ್ಲಿ ಅವಳು ಗಿಡಮೂಲಿಕೆ ಕಲಿಯುತ್ತಾಳೆ. ಕೋಲು ಬೀಸಿದ ತಕ್ಷಣ ಮಂತ್ರ ಆಗುವ ಆಟ ಇದಲ್ಲ. ಹುಡುಕಬೇಕು, ಅಗೆಯಬೇಕು, ಮಣ್ಣು ತೊಳೆಯಬೇಕು, ಒಣಗಿಸಬೇಕು, ಅರೆಯಬೇಕು, ಕುದಿಸಬೇಕು. ಹೆಚ್ಚು ಕುದಿಸಿದರೆ ಸತ್ವ ಹೋಯಿತು, ಕಡಿಮೆ ಕುದಿಸಿದರೆ ಸತ್ವ ಬಿಡಲೇ ಇಲ್ಲ. ಸೋತು ಸೋತು ಕಲಿಯುತ್ತಾಳೆ. ನಮ್ಮಜ್ಜಿ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುತ್ತಿದ್ದಳು. ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಕೀಳಬೇಕು, ಬೇರು ತುಂಡಾಗಬಾರದು ಅಂತ ನೂರೆಂಟು ಕಟ್ಟಳೆ. ಆಗ ನಾವು ನಗುತ್ತಿದ್ದೆವು. ಈ ಪುಟಗಳನ್ನು ಓದುವಾಗ ಅಜ್ಜಿಯ ಹಸಿರು ಬೆರಳೇ ಕಣ್ಣ ಮುಂದೆ ಬಂತು. (ಈಗ ಕಾಮಾಲೆ ಅಂತ ಅಂಗಡಿಗೆ ಬಂದವರನ್ನು ಮೊದಲು ರಕ್ತಪರೀಕ್ಷೆಗೆ ಕಳಿಸುತ್ತೇನೆ, ಅದು ಬೇರೆ.)

ಹೋಮರ್ ಇವಳನ್ನು ಕರೆಯುವ ಇನ್ನೊಂದು ಮಾತು 'ಬಹಳ ಫಾರ್ಮಕ ಬಲ್ಲವಳು'. ಫಾರ್ಮಕ ಅಂದರೆ ಮದ್ದು. ಗ್ರೀಕರಿಗೆ ಔಷಧವೂ ಅದೇ, ವಿಷವೂ ಅದೇ. ನಮ್ಮಲ್ಲೂ ಮದ್ದು ಹಾಕಿದರು ಅಂದರೆ ಏನು ಅರ್ಥ ಅಂತ ಮಲೆನಾಡಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ನನ್ನ ಅಂಗಡಿ ಬೋರ್ಡಿನ ಮೇಲೆ ಇಪ್ಪತ್ತು ವರ್ಷದಿಂದ ಇರುವ 'ಫಾರ್ಮಾ' ಅನ್ನುವ ಮಾತು ಬಂದದ್ದು ಅಲ್ಲಿಂದ. ಅಂದರೆ ಲೆಕ್ಕಕ್ಕೆ ಅವಳು ನಮ್ಮ ಕಸುಬಿನವಳು.

ಇನ್ನೊಂದು ಕುತೂಹಲದ ವಿಷಯ ಇದೆ. ಅವಳ ಮದ್ದು ಒಡಿಸ್ಯೂಸನಿಗೆ ತಾಗಲಿಲ್ಲ, ಯಾಕೆಂದರೆ ಹೆರ್ಮೆಸ್ ದೇವರು ದಾರಿಯಲ್ಲೇ ಅವನಿಗೆ ಒಂದು ಗಿಡ ಕಿತ್ತು ಕೊಟ್ಟಿದ್ದ. ಬೇರು ಕಪ್ಪು, ಹೂ ಹಾಲಿನ ಬಿಳುಪು, ಹೆಸರು ಮೋಲು. 1983ರಲ್ಲಿ ಇಬ್ಬರು ನರರೋಗ ತಜ್ಞರು ಇದಕ್ಕೊಂದು ವಿವರಣೆ ಕೊಟ್ಟರು. ಕಿರ್ಕೆಯ ಮದ್ದು ನಮ್ಮ ಉಮ್ಮತ್ತಿಯ ಜಾತಿಯದು ಇರಬಹುದು. ಅದರ ವಿಷ ಏರಿದರೆ ತಲೆ ಕೆಟ್ಟು, ತಾನು ಯಾರು ಅಂತಲೇ ತಿಳಿಯದೆ ಆಗುತ್ತದೆ, ಹಂದಿಯಾದ ಹಾಗೆ ಭ್ರಮೆಯೂ ಬರಬಹುದು. ಮೋಲು ಅಂದರೆ ಯುರೋಪಿನ ಸ್ನೋಡ್ರಾಪ್ ಹೂವಿನ ಗಿಡ ಇರಬೇಕು, ಅದರಲ್ಲಿರುವ ಗ್ಯಾಲಂಟಮೈನ್ ಮಿದುಳಿನಲ್ಲಿ ಆ ವಿಷಕ್ಕೆ ಎದುರಾಗಿ ಕೆಲಸ ಮಾಡುತ್ತದೆ ಅಂತ. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ, ಇದೊಂದು ಊಹೆ. ಆದರೆ ಗ್ಯಾಲಂಟಮೈನ್ ಇವತ್ತು ಮರೆವಿನ ಕಾಯಿಲೆಗೆ ಕೊಡುವ ಮಾತ್ರೆ. ಒಬ್ಬ ಹಿರಿಯರಿಗಾಗಿ ನಾನೇ ತರಿಸಿ ಕೊಟ್ಟಿದ್ದೇನೆ. ಇಷ್ಟು ವರ್ಷ ಅದು ನನಗೆ ಒಂದು ಸ್ಟ್ರಿಪ್, ಅದರ ಹಿಂದೆ ಒಂದು ಎಕ್ಸ್‌ಪೈರಿ ತಾರೀಖು, ಅಷ್ಟೇ ಆಗಿತ್ತು.

ಪುಸ್ತಕದಲ್ಲಿ ತಪ್ಪಿಲ್ಲ ಅಂತಲ್ಲ. ನಡುವೆ ಎಳೆದಿದ್ದಾರೆ. ಗಡಿಪಾರಾದವಳ ದ್ವೀಪ ಅಂತ ಹೆಸರು, ಆದರೆ ಹೆರ್ಮೆಸ್ ಬರುತ್ತಾನೆ, ದೈದಲೊಸ್ ಬರುತ್ತಾನೆ, ತಮ್ಮನ ಮಗಳು ಮೇದೆಯಾ ಗಂಡನ ಜೊತೆ ಬರುತ್ತಾಳೆ, ಗ್ರೀಕ್ ಪುರಾಣದಲ್ಲಿ ಹೆಸರಿದ್ದವರೆಲ್ಲ ಒಮ್ಮೆ ಇಣುಕಿಯೇ ಹೋಗುತ್ತಾರೆ. ಸಂಜೆ ಹೊತ್ತಿನ ಹಳೇ ಬಸ್ ಸ್ಟ್ಯಾಂಡ್ ಇದ್ದ ಹಾಗಿದೆ. ಆದರೆ ನಾವಿಕರು ಬರುವ ಭಾಗ ಬೇರೆ. ಹಸಿದು ಬಂದವರಿಗೆ ಅವಳು ಊಟ ಹಾಕುತ್ತಾಳೆ. ಉಂಡಾದ ಮೇಲೆ ಅವರು ಕೇಳುವ ಪ್ರಶ್ನೆ, ಮನೆಯಲ್ಲಿ ಗಂಡಸರು ಯಾರೂ ಇಲ್ವಾ. ಆ ಪ್ರಶ್ನೆ ಬಂದಾಗಲೇ ನನಗೆ ಹೊಟ್ಟೆಯಲ್ಲಿ ತಳಮಳ ಆಯಿತು. ಹಂದಿ ಮಾಡುವುದು ಅದಾದ ಮೇಲೆ ಶುರುವಾಗುತ್ತದೆ. ಮುಂದಿನದನ್ನು ಹೇಳುವುದಿಲ್ಲ, ಓದಿ. ಕೊನೆಯನ್ನಂತೂ ಹೇಳಲೇಬಾರದು.

ಈಗ ಹೆಸರಿಗೆ ಬರುತ್ತೇನೆ. ನನ್ನ ತಕರಾರು ಇರುವುದೇ ಅಲ್ಲಿ.

ಹೆಸರು ಹೇಗೆ ಓದಬೇಕು ಅಂತ ತಿಳಿಯದೆ ಒಂದು ಸಂಜೆ ಕೂತು ಗ್ರೀಕ್ ಅಕ್ಷರ ಕಲಿತೆ. ಆಲ್ಫಾ, ಬೀಟಾ ಎಲ್ಲ ಶಾಲೆಯ ಲೆಕ್ಕದಲ್ಲಿ ನೋಡಿದ್ದೇ, ಕಷ್ಟ ಆಗಲಿಲ್ಲ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯ ಗ್ರೀಕಿನಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಎರಡಕ್ಕೂ ಬೇರೆ ಬೇರೆ ಅಕ್ಷರ ಇದೆ. ಇಂಗ್ಲಿಷಿನಲ್ಲಿ ಇಲ್ಲ. ಸಂಸ್ಕೃತದಲ್ಲೂ ಇಲ್ಲ, ಅಲ್ಲಿ ಇರುವುದು ಉದ್ದದ್ದು ಮಾತ್ರ. ಕನ್ನಡದಲ್ಲಿ ಇದೆ! ಒಡಿಸ್ಯೂಸನ ಹೆಂಡತಿಯ ಹೆಸರನ್ನೇ ತೆಗೆದುಕೊಳ್ಳಿ. ನನ್ನ ಮಗಳು ಮೊದಲು ಓದಿದ್ದು ಪೆನಲೋಪ್ ಅಂತ. ಇಂಗ್ಲಿಷಿನವರು ಹೇಳುವುದು ಪೆನೆಲಪಿ. ಗ್ರೀಕಿನಲ್ಲಿ ಮೊದಲ ಅಕ್ಷರ ಉದ್ದ, ಆಮೇಲಿನ ಎರಡು ಗಿಡ್ಡ, ಕೊನೆಯದು ಉದ್ದ. ಪೇನೆಲೊಪೇ. ನಾಲ್ಕೇ ಅಕ್ಷರದಲ್ಲಿ, ಒಂದು ಕೊಂಬೂ ಹೆಚ್ಚುಕಡಿಮೆ ಆಗದ ಹಾಗೆ ನಾವು ಬರೆಯಬಹುದು. ಅವಳ ಮಗ ತೇಲೆಮಖೊಸ್, ಅದರಲ್ಲಿ 'ಖ' ಕೂಡ ಹಾಗೇ ಕೂರುತ್ತದೆ. ತೇಲೆ ಅಂದರೆ ದೂರ, ಟೆಲಿಫೋನಿನ ಟೆಲಿ ಅದೇ. ಕಿರ್ಕೆಗೆ ಹುಟ್ಟುವ ಮಗ ತೇಲೆಗೊನೊಸ್, ಅಂದರೆ ದೂರದಲ್ಲಿ ಹುಟ್ಟಿದವನು. ಹೆಸರಲ್ಲೇ ಅರ್ಧ ಕಥೆ ಇದೆ, ಇಂಗ್ಲಿಷಿನ ಸಂದಿಯಲ್ಲಿ ನುಸುಳಿ ಬರುವ ಹೊತ್ತಿಗೆ ಅದು ಕೇಳಿಸುವುದೇ ಇಲ್ಲ.

ಕಿರ್ಕೆ ಹೇಗೆ ಸರ್ಸಿ ಆದಳು ಅಂದರೆ ಅದೊಂದು ಸುತ್ತುದಾರಿ. ರೋಮಿನವರು ಗ್ರೀಕಿನ 'ಕ'ಕಾರಕ್ಕೆ ತಮ್ಮ 'ಸಿ' ಅಕ್ಷರ ಹಾಕಿದರು, ಓದುತ್ತಿದ್ದದ್ದು 'ಕ' ಅಂತಲೇ. ನೂರಾರು ವರ್ಷ ಕಳೆದು ಫ್ರಾನ್ಸ್, ಇಂಗ್ಲೆಂಡಿನ ಬಾಯಲ್ಲಿ ಆ 'ಸಿ' ಕೆಲವು ಕಡೆ 'ಸ' ಆಯಿತು. ಕೈಸರ್ ಹೋಗಿ ಸೀಸರ್ ಆದದ್ದೂ ಹೀಗೆಯೇ. ಕುಕ್ಲೊಸ್ ಅಂದರೆ ಗ್ರೀಕಿನಲ್ಲಿ ಗಾಲಿ, ನಮ್ಮ ಚಕ್ರದ ದಾಯಾದಿ, ಅದು ಇಂಗ್ಲಿಷಿಗೆ ಹೋಗಿ ಸೈಕಲ್ ಆಗಿ ನಮ್ಮ ಅಂಗಳಕ್ಕೆ ಬಂತು. ಸೈಕಲ್ ಇರಲಿ, ಅದು ನಮ್ಮದೇ ಆಗಿಹೋಗಿದೆ. ಅಲೆಕ್ಸಾಂಡರ್, ಅರಿಸ್ಟಾಟಲ್ ಕೂಡ ಇರಲಿ, ಅವರನ್ನು ಈಗ ತಿದ್ದಲು ಹೊರಟರೆ ಮಕ್ಕಳು ಪರೀಕ್ಷೆಯಲ್ಲಿ ಫೇಲಾಗುತ್ತಾರೆ. ಆದರೆ ಇವತ್ತು ಮೊದಲ ಸಲ ಕನ್ನಡಕ್ಕೆ ಬರುತ್ತಿರುವ ಹೆಸರನ್ನು ಲಂಡನ್ನಿಗೆ ಹೋಗಿ ಯಾಕೆ ಕರೆತರಬೇಕು?

ಇದನ್ನು ನಾನೇ ಮೊದಲು ಹೇಳುತ್ತಿಲ್ಲ. ಲಂಕೇಶರು ಗ್ರೀಕ್ ನಾಟಕಕಾರ ಸೊಫೋಕ್ಲೀಸನ ನಾಟಕವನ್ನು ಕನ್ನಡಕ್ಕೆ ತಂದಾಗ ಅಂತಿಗೊನೆ ಅಂತ ಬರೆದರು, ಇಂಗ್ಲಿಷಿನ ಆಂಟಿಗನಿ ಅಂತಲ್ಲ. ಓದಿ ನೋಡಿ, ಮಂಡ್ಯದ ಕಡೆಯ ಹುಡುಗಿಯ ಹೆಸರಿನ ಹಾಗಿದೆ. ಅದಕ್ಕೂ ಹಿಂದೆ 1929ರಲ್ಲಿ ಬಿ.ಎಂ.ಶ್ರೀ ಅದೇ ಸೊಫೋಕ್ಲೀಸನ ಇನ್ನೊಂದು ನಾಟಕ ತಂದರು, ಅವರು ಹೆಸರಿನ ತಂಟೆಯೇ ಬೇಡ ಅಂತ ಏಜಾಕ್ಸನನ್ನು ತೆಗೆದು ಅಶ್ವತ್ಥಾಮನನ್ನೇ ಕೂರಿಸಿಬಿಟ್ಟರು. ಅದು ಶ್ರೀಯವರಿಗೆ ಸೈ, ಎಲ್ಲರಿಗೂ ಆಗುವ ಕೆಲಸವಲ್ಲ.

ಇನ್ನೂ ಹಿಂದೆ ಹೋದರೆ ಅಶೋಕ ಇದ್ದಾನೆ. ಅವನ ಶಾಸನಗಳಲ್ಲಿ ಯವನ, ಅಂದರೆ ಗ್ರೀಕ್ ರಾಜರ ಹೆಸರು ಬರುತ್ತವೆ: ಅಂತಿಯೋಕ, ತುರಮಾಯ, ಅಲಿಕಸುದರ. ಕಿವಿಗೆ ಬಿದ್ದದ್ದನ್ನು ತನ್ನ ನುಡಿಯ ಬಾಯಿಗೆ ಒಗ್ಗಿಸಿ ಕಲ್ಲಿನ ಮೇಲೆ ಹಾಕಿಸಿದ. ಅಂತಿಯೋಕನ ಹೆಸರು ಬರುವ ಒಂದು ಶಾಸನದ ವಿಷಯವೇ ಔಷಧ. ಮನುಷ್ಯರಿಗೆ, ಪ್ರಾಣಿಗಳಿಗೆ ಬೇಕಾದ ಮೂಲಿಕೆ ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದೇನೆ ಅಂತ. ಔಷಧ ಅಂಗಡಿಯವನಿಗೆ ಇದಕ್ಕಿಂತ ಬೇರೆ ಏನು ಬೇಕು.

ಅತ್ತ ಗ್ರೀಕರೂ ನಮ್ಮ ಕಡೆಯ ಮಾತನ್ನು ತಮ್ಮ ಅಕ್ಷರದಲ್ಲಿ ಬರೆಯಲು ನೋಡಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಹಳೆಯ ಹಾಳೆಯಲ್ಲಿ ಪ್ರಹಸನವೊಂದಿದೆ. ಗ್ರೀಕ್ ಹುಡುಗಿಯೊಬ್ಬಳು ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾಳೆ, ಅವಳ ಕಡೆಯವರು ಇಲ್ಲಿನ ರಾಜನಿಗೆ ವೈನ್ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ಇಲ್ಲಿನವರು ಆಡುವ ಅರ್ಥವಾಗದ ಮಾತುಗಳು ಕನ್ನಡ ಅಂತ ಹುಲ್ಟ್ಜ್ ಅನ್ನುವ ವಿದ್ವಾಂಸರು ಹೇಳಿದರು, ನಮ್ಮ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬಗ್ಗೆ ತಲೆ ಕೆಡಿಸಿಕೊಂಡರು. ಅಲ್ಲವೇ ಅಲ್ಲ ಅನ್ನುವವರೂ ಇದ್ದಾರೆ. ಆ ಗ್ರೀಕನಿಗೆ ನಮ್ಮ ಮಾತು ಸರಿಯಾಗಿ ಕೇಳಿಸದೇ ಹೋಗಿರಬಹುದು, ಆದರೂ ಕಿವಿಗೆ ಬಿದ್ದದ್ದನ್ನೇ ಬರೆದ, ನಡುವೆ ಇನ್ನೊಬ್ಬರನ್ನು ಕೇಳಲಿಲ್ಲ.

ಎಲ್ಲವೂ ನಮ್ಮ ಅಕ್ಷರದಲ್ಲಿ ಸರಿಯಾಗಿ ಕೂರುತ್ತದೆ ಅಂತ ಜಂಬ ಕೊಚ್ಚುವುದಿಲ್ಲ. ಗ್ರೀಕಿನ ಒಂದು ಸ್ವರ ಉ ಮತ್ತು ಇ ನಡುವಿನದು, ನಮಗೆ ಬರೆಯಲು ಬರುವುದಿಲ್ಲ. ಇವತ್ತಿನ ಅಥೆನ್ಸಿನವರನ್ನು ಕೇಳಿದರೆ ಕಿರ್ಕಿ ಅನ್ನುತ್ತಾರೆ. ಕಡ್ಡಿ ಮುರಿದ ಹಾಗೆ ಲೆಕ್ಕ ಹಾಕಿದರೆ ಕಿರ್ಕೇ ಅಂತ ಉದ್ದ ಎಳೆಯಬೇಕು, ಅದು ಯಾರನ್ನೋ ಕರೆದ ಹಾಗೆ ಕೇಳುತ್ತದೆ, ಹಾಗಾಗಿ ನಾನು ಕಿರ್ಕೆ ಅಂತಲೇ ಬರೆಯುತ್ತೇನೆ. ಅಂತಿಗೊನೆ ಇದ್ದ ಹಾಗೆ ಕಿರ್ಕೆ. ಆ ಹೆಸರಿಗೆ ಗಿಡುಗ ಅನ್ನುವ ಅರ್ಥ ಇದೆ, ಕಾದಂಬರಿಯಲ್ಲಿ ಅವಳ ಹಳದಿ ಕಣ್ಣು, ಕೀಚಲು ಅಳು ನೋಡಿ ಹಾಗೆ ಹೆಸರಿಡುತ್ತಾರೆ. ಕನ್ನಡದ ಕಿವಿಗೆ ಕಿರ್ಕೆ ಅಂದರೆ ಕಿರುಚಿದ್ದೂ ಒಂದಿಷ್ಟು ಕೇಳಿಸುತ್ತದೆ. ಸಂಬಂಧ ಇದೆ ಅಂತಲ್ಲ, ಕೇಳಿಸುತ್ತದೆ ಅಂದೆ. ಸರ್ಸಿಯಲ್ಲಿ ಏನು ಕೇಳಿಸುತ್ತದೆ?

ಹಾಗಾಗಿ ನಿಮ್ಮ ಪುರವಣಿಯವರಲ್ಲಿ ಒಂದು ಕೇಳಿಕೆ. ಮುಂದಿನ ಸಲ ಇಂಥ ಪುಸ್ತಕದ ಬಗ್ಗೆ ಬರೆಯುವಾಗ ಬರೆಯುವವರು ಇಂಟರ್ನೆಟ್ಟಿನಲ್ಲಿ ಆ ಹೆಸರಿನ ಗ್ರೀಕ್ ರೂಪ ಒಮ್ಮೆ ನೋಡಲಿ, ಎರಡು ನಿಮಿಷದ ಕೆಲಸ. ಈ ಪುಸ್ತಕದ ಕನ್ನಡ ರೂಪ ಸಿಗುತ್ತದಾ ಅಂತ ನಮ್ಮ ಊರಿನ ಅಂಗಡಿಗಳಲ್ಲಿ ಕೇಳಿದೆ, ಅವರ ಹತ್ತಿರ ಇರಲಿಲ್ಲ. ಯಾರಾದರೂ ಅನುವಾದಕ್ಕೆ ಕೈ ಹಾಕಿದ್ದರೆ ನನ್ನ ಒಂದು ಪ್ರತಿ ಈಗಲೇ ಬರೆದಿಟ್ಟುಕೊಳ್ಳಿ, ಆದರೆ ಮೊದಲ ಪುಟದಲ್ಲೇ ಸರ್ಸಿ ಅಂತ ಕಂಡರೆ ಜಗಳ ಗ್ಯಾರಂಟಿ.

ನನ್ನ ಪ್ರತಿಯನ್ನು ಪೇಪರ್ ಓದಲು ಬರುವ ನಾಲ್ವರಲ್ಲಿ ಒಬ್ಬರು, ನಿವೃತ್ತ ಮೇಷ್ಟ್ರು, ಮನೆಗೆ ಒಯ್ದಿದ್ದಾರೆ. ಇವತ್ತು ಬೆಳಿಗ್ಗೆ ಕೇಳಿದೆ, ನೂರನೇ ಪುಟ ದಾಟಿದ್ದಾರಂತೆ. ಮೋಲು ಅಂದರೆ ಯಾವ ಗಿಡ, ನಮ್ಮ ದೇವಿಮನೆ ಘಟ್ಟದಲ್ಲಿ ಸಿಗಬಹುದಾ ಅಂತ ಕೇಳಿದರು. ಹೆಸರನ್ನು ಮಾತ್ರ ಇನ್ನೂ ಸಿರ್ಸಿ ಅಂತಲೇ ಓದುತ್ತಿದ್ದಾರೆ, ಪೇಪರಿನಲ್ಲೇ ಹಾಗೆ ಬಂದಿದೆಯಲ್ಲ ಅನ್ನುತ್ತಾರೆ.

ಇಂತಿ,
ಔಷಧ ಅಂಗಡಿಯ ಒಬ್ಬ ಓದುಗ,
ಶಿರಸಿ